ಗಾಯದ ಕಲೆಗೆ ನೀಲಿ ಬಣ್ಣ ಹಚ್ಚಿದವರು ಯಾರು?

ಕಂತಿನ ಹೆಸರು ಕೇಳಿ ಇದು ಟ್ಯಾಟೂ ವಿಷಯ ಅಂದ್ಕೊಂಡಿದ್ರೆ, ಅಲ್ಲ. ಇದು ಆಸ್ಪತ್ರೆಯಲ್ಲಿ ರೋಗಿಗಳು ಯಾವತ್ತೂ ಕಾಲಿಡದ ಒಂದು ಕೋಣೆಯಲ್ಲಿ ನಡೆಯೋ ಬಣ್ಣದ ಕೆಲಸದ ಕಥೆ.

ಬಯಾಪ್ಸಿ ಅನ್ನೋ ಪದ ಕೇಳಿರ್ತೀರಿ. ಮನೆಯಲ್ಲಿ ಯಾರಿಗಾದ್ರೂ ಮಾಡಿಸಿದ್ರೆ ‘ರಿಪೋರ್ಟ್ ಬರೋಕೆ ಮೂರ್ನಾಲ್ಕು ದಿನ ಆಗುತ್ತೆ’ ಅನ್ನೋ ಮಾತನ್ನೂ ಕೇಳಿರ್ತೀರಿ. ಆ ದಿನಗಳಲ್ಲಿ ಏನು ಮಾಡ್ತಾರೆ ಅಂದ್ರೆ, ದೇಹದಿಂದ ತೆಗೆದ ಆ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಹಾಕಿ, ಅದರೊಳಗಿನ ನೀರನ್ನು ತೆಗೆದು, ಆ ಜಾಗಕ್ಕೆ ಮೇಣ ತುಂಬ್ತಾರೆ. ಮೇಣದ ಅಚ್ಚನ್ನು ಮೈಕ್ರೋಟೋಮ್ ಅನ್ನೋ ಯಂತ್ರದಲ್ಲಿಟ್ಟು ನಾಲ್ಕೈದು ಮೈಕ್ರಾನ್ ದಪ್ಪದ ಪೊರೆಗಳಾಗಿ ಕೊಯ್ತಾರೆ. ನಮ್ಮ ತಲೆಕೂದಲು ಒಂದು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ, ಲೆಕ್ಕ ಹಾಕ್ಕೊಳ್ಳಿ. ಆ ಪೊರೆಯನ್ನು ಗಾಜಿನ ಮೇಲೆ ಕೂರಿಸಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಏನು ಕಾಣುತ್ತೆ?

ಹೆಚ್ಚುಕಮ್ಮಿ ಏನೂ ಇಲ್ಲ. ಬಿಳಿ ನೆಲದ ಮೇಲೆ ಬಿಳಿ ರಂಗೋಲಿ.

ದೇಹದ ಒಳಗಿನದ್ದಕ್ಕೆ ತನ್ನದೇ ಬಣ್ಣ ತೀರಾ ಕಡಿಮೆ. ಲಿವರ್ ಕೆಂಪಗಿರೋದು ಅದರಲ್ಲಿ ತುಂಬಿರೋ ರಕ್ತದಿಂದ. ಅಷ್ಟು ತೆಳ್ಳಗೆ ಕೊಯ್ದ ಮೇಲೆ ಎಲ್ಲವೂ ಪಾರದರ್ಶಕ. ಹಾಗಾಗಿ ಬಣ್ಣ ಹಾಕಲೇಬೇಕು. ಹಾಕಿದ ಬಣ್ಣ ಎಲ್ಲದಕ್ಕೂ ಒಂದೇ ಥರ ಹತ್ತಿದರೂ ಪ್ರಯೋಜನ ಇಲ್ಲ. ಇದಕ್ಕೆ ಹತ್ತಬೇಕು, ಪಕ್ಕದ್ದಕ್ಕೆ ಹತ್ತಬಾರದು. ಈ ‘ಹತ್ತಬೇಕು, ಹತ್ತಬಾರದು’ ಅನ್ನೋ ಹಟಕ್ಕೆ ಬಿದ್ದ ಕೆಲವರ ಕಥೆ ಇವತ್ತಿನದ್ದು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಬಿ.ಕಾಂ. ಓದಿದವಳು. ವೈದ್ಯಕೀಯದ ಇತಿಹಾಸ ಅಂತ ತೆರೆದ ಪುಟಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬರೀ ವ್ಯಾಪಾರ. ಮರದ ದಿಮ್ಮಿ, ಕಳ್ಳಸಾಗಣೆ, ಟಾರು, ಸೀರೆಯ ಬಣ್ಣ, ಯುದ್ಧ. ಡಾಕ್ಟರುಗಳು ಆಮೇಲೆ ಬರ್ತಾರೆ.

ಮೊದಲು, ಯಾವುದಕ್ಕೆ ಬಣ್ಣ ಹಚ್ಚಬೇಕಿತ್ತು ಅನ್ನೋದು. ನಮ್ಮ ದೇಹದಲ್ಲಿ ಜೀವಕೋಶಗಳಷ್ಟೇ ಇದ್ದಿದ್ದರೆ ನಾವು ನೆಲದ ಮೇಲೆ ಚೆಲ್ಲಿದ ಗಂಜಿಯ ಹಾಗೆ ಇರ್ತಿದ್ವಿ. ಅವನ್ನೆಲ್ಲ ಹಿಡಿದು ಕಟ್ಟಿ ನಿಲ್ಲಿಸೋದು ಸಂಯೋಜಕ ಅಂಗಾಂಶ, ಅಂದ್ರೆ ಕನೆಕ್ಟಿವ್ ಟಿಶ್ಯೂ. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಎಳೆಗಳು. ಹಗ್ಗದ ಹಾಗೆ ಗಟ್ಟಿಯಾದ ಕೊಲಾಜನ್. ರಬ್ಬರಿನ ಹಾಗೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗೋ ಎಲಾಸ್ಟಿಕ್ ಎಳೆ. ಬಲೆಯ ಹಾಗೆ ಸಣ್ಣಗೆ ಹೆಣೆದುಕೊಂಡಿರೋ ರೆಟಿಕ್ಯುಲಿನ್, ಇದೂ ಕೊಲಾಜನ್ನಿನ ಸಂಬಂಧಿಯೇ. ನಮ್ಮ ಮೈಯಲ್ಲಿರೋ ಒಟ್ಟು ಪ್ರೋಟೀನಿನಲ್ಲಿ ಸುಮಾರು 30% ಕೊಲಾಜನ್. ಚರ್ಮ, ಮೂಳೆ ಬೇಯಿಸಿದರೆ ಅಂಟು ಬರುತ್ತಲ್ಲ, ಅದು ಇದೇ. ಗ್ರೀಕ್ ಭಾಷೆಯಲ್ಲಿ ‘ಕೊಲ್ಲ’ ಅಂದ್ರೆ ಅಂಟು, ಆ ಹೆಸರು ಬಂದದ್ದು ಅಲ್ಲಿಂದ.

ಮೊಣಕಾಲು ತರಚಿ ಗಾಯ ಮಾಗಿದ ಮೇಲೆ ಉಳಿಯೋ ಕಲೆ ಇದೆಯಲ್ಲ, ಅದೂ ಕೊಲಾಜನ್. ಮೊಣಕಾಲಿನಲ್ಲಿದ್ದರೆ ಅದು ನೆನಪು. ಅದೇ ಕಲೆ ಲಿವರ್ ಒಳಗೆ, ಶ್ವಾಸಕೋಶದ ಒಳಗೆ, ಹೃದಯದ ಸ್ನಾಯುವಿನ ಒಳಗೆ ಸದ್ದಿಲ್ಲದೆ ಬೆಳೆದರೆ? ಅದಕ್ಕೆ ಫೈಬ್ರೋಸಿಸ್ ಅನ್ನುತ್ತಾರೆ. ಎಷ್ಟು ಬೆಳೆದಿದೆ ಅನ್ನೋದರ ಮೇಲೆ ಇರುತ್ತೆ ಮುಂದಿನದ್ದೆಲ್ಲ. ಎಷ್ಟು ಅಂತ ಹೇಳಬೇಕಾದರೆ ಮೊದಲು ಅದು ಬೇರೆಯಾಗಿ ಕಾಣಬೇಕು.

ಸೂಕ್ಷ್ಮದರ್ಶಕದ ಕೆಳಗೆ ಬಣ್ಣ ಹಾಕುವ ಕೆಲಸಕ್ಕೆ ಒಂದು ಶುರು ಅಂತ ಸಾಮಾನ್ಯವಾಗಿ ಹೇಳುವುದು 1858. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಯೋಸೆಫ್ ಫಾನ್ ಗೆರ್ಲಾಕ್ ಎಂಬ ಅಂಗರಚನಾ ತಜ್ಞರು ಮಿದುಳಿನ ಕೊಯ್ತಕ್ಕೆ ಕಾರ್ಮೈನ್ ಎಂಬ ಕೆಂಪು ಹಾಕಿದರು. ಕಾರ್ಮೈನ್ ಬರೋದು ಪಾಪಸುಕಳ್ಳಿಯ ಮೇಲೆ ಬದುಕೋ ಕೊಚಿನೀಲ್ ಎಂಬ ಸಣ್ಣ ಹುಳುವಿನಿಂದ. ದಟ್ಟ ದ್ರಾವಣ ಹಾಕಿದಾಗೆಲ್ಲ ಬರೀ ಕೆಂಪು ರಾಡಿ. ತೀರಾ ತೆಳು ಮಾಡಿದ ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ಟಾಗ ಕೋಶದ ಒಳಗಿನ ಬೀಜ ಮಾತ್ರ ಕಡುಗೆಂಪಾಗಿ ಎದ್ದು ಕಾಣಿಸಿತು ಅಂತ ಕಥೆ ಇದೆ. ಸೀರೆ ಬಣ್ಣ ಹಾಕೋರಿಗೆ ಇದರಲ್ಲಿ ಹೊಸದೇನೂ ಇಲ್ಲ. ತೆಳುವಾಗಿ, ನಿಧಾನವಾಗಿ ಹಾಕಿದರೆ ಸಮನಾಗಿ ಹತ್ತುತ್ತೆ ಅನ್ನೋದು ಅವರಿಗೆ ಮೊದಲೇ ಗೊತ್ತು.

ಎರಡನೇ ಬಣ್ಣ ಮರದ್ದು. ಲಾಗ್‌ವುಡ್ ಅಂತ, ಮೆಕ್ಸಿಕೋದ ಕಾಂಪೆಚೆ ಕರಾವಳಿಯ ಜೌಗು ನೆಲದಲ್ಲಿ ಬೆಳೆಯೋ ಮರ. ಇದರ ತಿರುಳಿನಿಂದ ನೇರಳೆ, ಕಪ್ಪು ಬಣ್ಣ ತೆಗೆಯಬಹುದು. ಸ್ಪೇನಿನವರು ಅದನ್ನು ಹಡಗುಗಟ್ಟಲೆ ಯುರೋಪಿಗೆ ಸಾಗಿಸುತ್ತಿದ್ದರು. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ಕಾಲದಲ್ಲಿ, 1581ರಲ್ಲಿ, ಈ ಮರದಿಂದ ಬಣ್ಣ ಹಾಕಬಾರದು ಅಂತ ಪಾರ್ಲಿಮೆಂಟ್ ಕಾನೂನೇ ಮಾಡಿತು. ಬಣ್ಣ ನಿಲ್ಲೋದಿಲ್ಲ, ಗಿರಾಕಿಗೆ ಮೋಸ ಆಗುತ್ತೆ ಅನ್ನೋದು ಕಾರಣ. 1662ರಲ್ಲಿ ಆ ನಿಷೇಧ ತೆಗೆದರು, ಅಷ್ಟರಲ್ಲಿ ಬಣ್ಣ ಕಚ್ಚಿಸೋ ವಿದ್ಯೆ ಸುಧಾರಿಸಿತ್ತು. ಅದಾದ ಮೇಲೆ ಕೆರಿಬಿಯನ್ ಕಡಲಿನ ಇಂಗ್ಲಿಷ್ ಕಡಲ್ಗಳ್ಳರಲ್ಲಿ ಎಷ್ಟೋ ಜನ ಕೊಡಲಿ ಹಿಡಿದು ಲಾಗ್‌ವುಡ್ ಕಡಿಯೋಕೆ ನಿಂತರು. ಮುಂದೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಆ ಜೌಗಿಗೆ ಇಳಿಸಿದರು. ಇವತ್ತಿನ ಬೆಲೀಜ್ ದೇಶ ಹುಟ್ಟಿದ್ದು ಹಾಗೆ ಮರ ಕಡಿಯೋರ ಬಿಡಾರಗಳಿಂದ.

ಈ ಮರದ ಸಾರವೇ ಹೆಮಟಾಕ್ಸಿಲಿನ್. 1865ರಲ್ಲಿ ಬೋಮರ್ ಎಂಬುವರು ಅದಕ್ಕೆ ಪಟಿಕ ಬೆರೆಸಿದರು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜೋ ಅದೇ ಪಟಿಕ. ಬಟ್ಟೆಗೆ ಬಣ್ಣ ಕಚ್ಚಿಸೋಕೆ ಪಟಿಕ ಬಳಸೋದು ಸಾವಿರಾರು ವರ್ಷಗಳ ವಿದ್ಯೆ, ಅದನ್ನೇ ಗಾಜಿನ ಮೇಲೆ ಮಾಡಿದರು. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಅದಕ್ಕೆ ಇಯೋಸಿನ್ ಎಂಬ ಗುಲಾಬಿ ಜೊತೆಯಾಯಿತು. ಕೋಶದ ಬೀಜ ನೀಲಿ-ನೇರಳೆ, ಉಳಿದದ್ದೆಲ್ಲ ಗುಲಾಬಿ. ‘ಎಚ್ ಅಂಡ್ ಇ’ ಅಂತಾರೆ. ಜಗತ್ತಿನಲ್ಲಿ ಇವತ್ತಿಗೂ ಹೆಚ್ಚುಕಮ್ಮಿ ಪ್ರತಿ ಬಯಾಪ್ಸಿಗೂ ಮೊದಲು ಹಾಕೋದು ಇದನ್ನೇ. 2008ರ ಹೊತ್ತಿಗೆ ಹೆಮಟಾಕ್ಸಿಲಿನ್ ಕೊರತೆ ಬಂದಾಗ ಲ್ಯಾಬುಗಳು ಬದಲಿ ಹುಡುಕಿ ಪರದಾಡಿದವು. ಎಂಆರ್‌ಐ ಯುಗದಲ್ಲೂ ನಮ್ಮ ಕ್ಯಾನ್ಸರ್ ಪತ್ತೆ ಒಂದು ಮರದ ತಿರುಳಿಗೆ ಜೋತುಬಿದ್ದಿದೆ.

ಸಮಸ್ಯೆ ಏನಂದ್ರೆ ಆ ‘ಉಳಿದದ್ದೆಲ್ಲ ಗುಲಾಬಿ’. ಸ್ನಾಯುವೂ ಗುಲಾಬಿ, ಕೊಲಾಜನ್ನೂ ಗುಲಾಬಿ. ಪಳಗಿದ ಕಣ್ಣಿಗೆ ಛಾಯೆಯ ವ್ಯತ್ಯಾಸ ಗೊತ್ತಾಗಬಹುದು. ಆದರೆ ಕಲೆ ತೆಳುವಾಗಿ ಅಲ್ಲೊಂದು ಇಲ್ಲೊಂದು ಎಳೆಯಾಗಿ ಹರಡಿದ್ದರೆ ಅದು ಸುಲಭವಾಗಿ ತಪ್ಪಿಸಿಕೊಳ್ಳುತ್ತೆ.

ಇಲ್ಲಿ ಕಥೆಗೆ ಲಂಡನ್ನಿನ ಒಬ್ಬ ಹುಡುಗ ಬರ್ತಾನೆ. ವಿಲಿಯಂ ಪರ್ಕಿನ್, ವಯಸ್ಸು 18. 1856ರ ಈಸ್ಟರ್ ರಜೆಯಲ್ಲಿ ಮನೆಯಲ್ಲೇ ಕಟ್ಟಿಕೊಂಡಿದ್ದ ಪುಟ್ಟ ಲ್ಯಾಬ್‌ನಲ್ಲಿ ಮಲೇರಿಯಾ ಔಷಧಿ ಕ್ವಿನೈನ್ ಮಾಡಲು ಹೊರಟ. ಕಚ್ಚಾವಸ್ತು ಕಲ್ಲಿದ್ದಲಿನ ಟಾರಿನಿಂದ ಸಿಗೋ ಅನಿಲೀನ್. ಕ್ವಿನೈನ್ ಆಗಲಿಲ್ಲ, ಕಪ್ಪು ಗಸಿ ಆಯಿತು. ಅದನ್ನು ಆಲ್ಕೋಹಾಲಿನಲ್ಲಿ ತೊಳೆದಾಗ ನೇರಳೆ ಬಿಟ್ಟಿತು, ರೇಷ್ಮೆಗೆ ಹಾಕಿದರೆ ಸೊಗಸಾಗಿ ಕೂತಿತು. ಮೋವ್ ಅಂತ ಹೆಸರಾಯಿತು. ಹುಡುಗ ಕಾಲೇಜು ಬಿಟ್ಟು ಕಾರ್ಖಾನೆ ಹಾಕಿದ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಡ್ರಾಪ್‌ಔಟ್ ಸ್ಟಾರ್ಟಪ್. ಎರಡು ಮೂರು ವರ್ಷಗಳಲ್ಲೇ ಫ್ರಾನ್ಸಿನ ಲಿಯಾನ್‌ನಲ್ಲಿ ಫುಕ್ಸಿನ್ ಎಂಬ ಕಡುಗೆಂಪು ಬಂತು. ಆಮೇಲೆ ಈ ವ್ಯಾಪಾರವನ್ನು ಜರ್ಮನಿ ಪೂರ್ತಿ ಕೈಗೆ ತೆಗೆದುಕೊಂಡಿತು. ಬಿಎಎಸ್‌ಎಫ್, ಬೇಯರ್, ಹೋಕ್ಸ್ಟ್ ಎಲ್ಲ ಶುರುವಾದದ್ದು ಬಟ್ಟೆಯ ಬಣ್ಣದ ಕಂಪನಿಗಳಾಗಿ. 1897ರಲ್ಲಿ ಬಿಎಎಸ್‌ಎಫ್ ಕೃತಕ ನೀಲಿ ಮಾರಾಟಕ್ಕೆ ಬಿಟ್ಟಾಗ ನಮ್ಮ ಬಿಹಾರದ ನೀಲಿ ಬೆಳೆಯ ಮಾರುಕಟ್ಟೆಯೇ ಕುಸಿಯಿತು. ಅದು ಇನ್ನೊಂದು ಕಂತಿನಷ್ಟು ಕಥೆ.

ಈಗ ಯೋಚಿಸಿ. ಮಾರುಕಟ್ಟೆಯಲ್ಲಿ ಒಂದರ ಮೇಲೊಂದು ಹೊಸ ಬಣ್ಣ ಬರ್ತಾ ಇದೆ. ಒಂದು ಉಣ್ಣೆಗೆ ಹತ್ತುತ್ತೆ, ಹತ್ತಿಗೆ ಹತ್ತಲ್ಲ. ಇನ್ನೊಂದು ಉಲ್ಟಾ. ಉಣ್ಣೆ, ರೇಷ್ಮೆ ಅಂದ್ರೆ ಪ್ರೋಟೀನು. ನಮ್ಮ ದೇಹದ ಎಳೆಗಳೂ ಪ್ರೋಟೀನು. ಹಾಗಾದರೆ ಒಂದೊಂದು ಬಣ್ಣ ದೇಹದ ಒಂದೊಂದು ಭಾಗವನ್ನು ಆರಿಸಿಕೊಂಡು ಹತ್ತಬೇಕಲ್ಲವೇ? ಈ ಪ್ರಶ್ನೆ ಹಿಡಿದು ಕೂತವರಲ್ಲಿ ಕಾರ್ಲ್ ವೈಗರ್ಟ್, ಅವರ ಸೋದರಸಂಬಂಧಿ ಪಾಲ್ ಏರ್ಲಿಕ್ ಮುಖ್ಯರು. ಏರ್ಲಿಕ್ 1878ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರ್ ಪದವಿಗೆ ಬರೆದ ಪ್ರಬಂಧವೇ ಅಂಗಾಂಶಕ್ಕೆ ಬಣ್ಣ ಹಾಕೋದರ ಬಗ್ಗೆ. ಬಣ್ಣವೊಂದು ರೋಗಾಣುವಿಗೆ ಮಾತ್ರ ಹತ್ತುತ್ತೆ ಅಂದ್ರೆ ವಿಷವನ್ನೂ ಅದಕ್ಕೆ ಮಾತ್ರ ತಲುಪಿಸಬಹುದಲ್ವಾ ಅಂತ ಯೋಚನೆ ಮುಂದುವರಿಸಿ, 1891ರಲ್ಲಿ ಮಿಥಿಲೀನ್ ಬ್ಲೂ ಎಂಬ ಬಣ್ಣವನ್ನೇ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಮಲೇರಿಯಾ ಔಷಧಿ ಹುಡುಕಿದವನಿಗೆ ಬಣ್ಣ ಸಿಕ್ಕಿತ್ತು, ಬಣ್ಣ ಹಿಡಿದವರು ಮಲೇರಿಯಾ ಔಷಧಿಗೆ ಬಂದರು. ವೈಗರ್ಟ್ ಮಾತ್ರ ಕೊನೆಯವರೆಗೂ ಗಾಜಿನ ಪಟ್ಟಿಯಲ್ಲೇ ಉಳಿದರು. ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದಲ್ಲಿ ಸಿಗಬೇಕಾದ ಪೀಠ ಅವರಿಗೆ ಸಿಗಲಿಲ್ಲ, ಫ್ರಾಂಕ್‌ಫರ್ಟ್‌ನ ಸೆಂಕೆನ್‌ಬರ್ಗ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅಲ್ಲಿದ್ದಾಗ, 1898ರಲ್ಲಿ, ಎಲಾಸ್ಟಿಕ್ ಎಳೆಗಳಿಗೆ ಮಾತ್ರ ಹತ್ತುವ ಬಣ್ಣ ಕೊಟ್ಟರು.

ಕೊಲಾಜನ್ನಿನ ಗಂಟು ಬಿಚ್ಚಿದ್ದು ಅಮೆರಿಕದಲ್ಲಿ, ಅದೂ ಬೇರೆ ಏನನ್ನೋ ಹುಡುಕುವಾಗ. 1889, ನ್ಯೂಯಾರ್ಕ್. ಐರಾ ವ್ಯಾನ್ ಗೀಸನ್ ಎಂಬ ಇಪ್ಪತ್ಮೂರರ ಆಸುಪಾಸಿನ ವೈದ್ಯ ನರಮಂಡಲಕ್ಕೆ ಬಣ್ಣ ಹಾಕುವ ಕೆಲವು ಕಿವಿಮಾತುಗಳನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಅದರಲ್ಲಿ ಒಂದು ಮಿಶ್ರಣ ಹೀಗಿತ್ತು: ನೀರಿನಲ್ಲಿ ಇನ್ನು ಕರಗದಷ್ಟು ಪಿಕ್ರಿಕ್ ಆಮ್ಲ, ಅದಕ್ಕೆ ಸ್ವಲ್ಪ ಆಸಿಡ್ ಫುಕ್ಸಿನ್. ಅಷ್ಟೇ. ನಾಲ್ಕೈದು ನಿಮಿಷದ ಕೆಲಸ. ಸ್ನಾಯು ಹಳದಿ, ಕೊಲಾಜನ್ ಕಡುಗೆಂಪು. ಎರಡೂ ಒಂದೇ ಬಾಟಲಿಯಲ್ಲಿದ್ದರೂ ಎಳೆಗಳು ತಮ್ಮ ಪಾಲಿನದ್ದನ್ನು ಆರಿಸಿಕೊಂಡವು. ನರಗಳಿಗೆ ಅಂತ ಮಾಡಿದ್ದು, ಗಾಯದ ಕಲೆ ಹಿಡಿಯೋ ಬಣ್ಣವಾಗಿ ಜಗತ್ತಿಗೆಲ್ಲ ಹರಡಿತು. ವ್ಯಾನ್ ಗೀಸನ್ ಮುಂದೆ ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಗಳ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾದರು. ಅಧಿಕಾರಿಗಳ ಜೊತೆ ಜಟಾಪಟಿಯಾಗಿ 1901ರಲ್ಲಿ ಆ ಕೆಲಸ ಹೋಯಿತು, 1913ರಲ್ಲಿ ತೀರಿಕೊಂಡರು. ಸಂಸ್ಥೆಗಾಗಿ ಅವರು ಮಾಡಿದ ದೊಡ್ಡ ಯೋಜನೆಗಳನ್ನು ಇವತ್ತು ಯಾರೂ ನೆನೆಯೋದಿಲ್ಲ. ಯುವಕನಾಗಿದ್ದಾಗ ಬರೆದ ಆ ಒಂದು ಮಿಶ್ರಣದ ಹೆಸರು ಮಾತ್ರ ಲ್ಯಾಬುಗಳಲ್ಲಿ ದಿನಾ ಕೇಳುತ್ತೆ.

ಆ ಪಿಕ್ರಿಕ್ ಆಮ್ಲದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1771ರಲ್ಲಿ ಪೀಟರ್ ವುಲ್ಫ್ ಎಂಬ ರಸಾಯನ ತಜ್ಞರು ನೀಲಿಗೆ, ಹೌದು, ಗಿಡದ ನೀಲಿಗೇ, ನೈಟ್ರಿಕ್ ಆಮ್ಲ ಹಾಕಿ ನೋಡಿದಾಗ ಸಿಕ್ಕಿದ ಹಳದಿ ಇದು. ರೇಷ್ಮೆಗೆ ಹಾಕಿದರೆ ಚಿನ್ನದ ಬಣ್ಣ. ನೂರು ವರ್ಷ ಬಣ್ಣವಾಗಿಯೇ ಇತ್ತು. ಆಮೇಲೆ ಗೊತ್ತಾಯಿತು, ಇದು ಸಿಡಿಯುತ್ತೆ ಅಂತ. ಬ್ರಿಟಿಷ್ ಸೇನೆ ಇದನ್ನು ಲಿಡ್ಡೈಟ್ ಎಂಬ ಹೆಸರಿನಲ್ಲಿ ಫಿರಂಗಿ ಗುಂಡುಗಳಿಗೆ ತುಂಬಿತು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮೋಂಬ್ಲಾ ಎಂಬ ಫ್ರೆಂಚ್ ಹಡಗಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ಸರಕಿನಲ್ಲಿ ದೊಡ್ಡ ಪಾಲು ಪಿಕ್ರಿಕ್ ಆಮ್ಲ, ಜೊತೆಗೆ ಟಿಎನ್‌ಟಿ ಮತ್ತಿತರ ಸ್ಫೋಟಕ. ಊರಿನ ಒಂದು ಭಾಗವೇ ನೆಲಸಮವಾಯಿತು. ಸುಮಾರು 1,800 ಜನ ಸತ್ತರು, 9,000 ಜನರಿಗೆ ಗಾಯ. ಇದೇ ಆಮ್ಲದ ಬಾಟಲಿ ಇವತ್ತು ಪೆಥಾಲಜಿ ಲ್ಯಾಬುಗಳ ಕಪಾಟಿನಲ್ಲಿ ಇರುತ್ತೆ. ಒಣಗೋಕೆ ಬಿಡಬಾರದು, ಯಾವಾಗಲೂ ನೀರಿನಲ್ಲಿ ಒದ್ದೆಯಾಗಿ ಇಡಬೇಕು. ಮುಚ್ಚಳದ ಸುತ್ತ ಒಣ ಹರಳು ಕಟ್ಟಿದ ಹಳೇ ಬಾಟಲಿ ಸಿಕ್ಕಿದರೆ ಅದನ್ನು ತೆರೆಯೋಕೆ ಹೋಗದೆ ಬಾಂಬ್ ದಳವನ್ನು ಕರೆಸಿದ್ದೂ ಉಂಟು.

ಸರಿ, ಬಾಸ್ಟನ್‌ಗೆ ಬರೋಣ. ಬಾಸ್ಟನ್ ಸಿಟಿ ಆಸ್ಪತ್ರೆಯ ಫ್ರಾಂಕ್ ಬರ್ ಮಲೋರಿಗೆ ವ್ಯಾನ್ ಗೀಸನ್ ಬಣ್ಣದಿಂದ ಸಮಾಧಾನ ಇರಲಿಲ್ಲ. ದಪ್ಪ ಎಳೆ ಸರಿಯಾಗಿ ಕಾಣುತ್ತೆ, ಸಣ್ಣ ಎಳೆ ಕಾಣಲ್ಲ, ಕೆಂಪು ಬೇಗ ಮಾಸುತ್ತೆ. 1900ರಲ್ಲಿ ಅವರು ಪ್ರಕಟಿಸಿದ ವಿಧಾನ ನನಗೆ ಈ ಇಡೀ ಇತಿಹಾಸದ ಅತಿ ಜಾಣ ನಡೆ ಅನ್ನಿಸುತ್ತೆ. ಮೊದಲು ಇಡೀ ಕೊಯ್ತಕ್ಕೆ ಆಸಿಡ್ ಫುಕ್ಸಿನ್ ಹಾಕಿ ಎಲ್ಲವನ್ನೂ ಕೆಂಪು ಮಾಡಿದರು. ಆಮೇಲೆ ಫಾಸ್ಫೋಮಾಲಿಬ್ಡಿಕ್ ಆಮ್ಲದಲ್ಲಿ ಅದ್ದಿದರು. ಇದು ಬಣ್ಣ ಅಲ್ಲ. ಇದು ಕೊಲಾಜನ್ನಿನಿಂದ ಕೆಂಪನ್ನು ಹೊರಡಿಸುತ್ತೆ, ಸ್ನಾಯುವಿನ ಕೆಂಪನ್ನು ಮುಟ್ಟೋದಿಲ್ಲ. ಖಾಲಿಯಾದ ಆ ಜಾಗಕ್ಕೆ ಅನಿಲೀನ್ ಬ್ಲೂ ಎಂಬ ನೀಲಿ, ಜೊತೆಗೆ ಆರೆಂಜ್ ಜಿ ಎಂಬ ಕಿತ್ತಳೆ. ಕೊನೆಗೆ ನೋಡಿದರೆ ಕೊಲಾಜನ್ ನೀಲಿ, ಸ್ನಾಯು ಕೆಂಪು, ರಕ್ತಕಣ ಕಿತ್ತಳೆ. ಬಾಡಿಗೆದಾರನನ್ನು ಎಬ್ಬಿಸಿ, ಹೊಸಬನನ್ನು ಕೂರಿಸಿದ ಹಾಗೆ.

ಯಾಕೆ ಹೀಗಾಗುತ್ತೆ? ನೂರು ವರ್ಷದಿಂದ ಚರ್ಚೆ ನಡೀತಾನೇ ಇದೆ. ಒಂದು ವಾದ ಬಣ್ಣದ ಕಣದ ಗಾತ್ರದ್ದು. ಒತ್ತಾಗಿ ನೇಯ್ದ ಬಟ್ಟೆಯ ಸಂದಿಯಲ್ಲಿ ಸಣ್ಣ ಕಣ ಮಾತ್ರ ನುಗ್ಗುತ್ತೆ, ಸಡಿಲ ನೇಯ್ಗೆಯಲ್ಲಿ ದೊಡ್ಡದೂ ಹೋಗುತ್ತೆ. ರಕ್ತಕಣ ತುಂಬಾ ಒತ್ತು, ಸ್ನಾಯು ಮಧ್ಯಮ, ಕೊಲಾಜನ್ ಸಡಿಲ. ಆರೆಂಜ್ ಜಿ ಸಣ್ಣ ಕಣ, ಅನಿಲೀನ್ ಬ್ಲೂ ದೊಡ್ಡದು. ಇನ್ನೊಂದು ವಾದ, ಆ ನಡುವಿನ ಆಮ್ಲವೇ ಕೊಲಾಜನ್ನಿಗೆ ಅಂಟಿಕೊಂಡು ನೀಲಿಯನ್ನು ಹಿಡಿದುಕೊಳ್ಳುತ್ತೆ ಅಂತ. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬಹುದು ಅನ್ನೋದು ಈಗಿನ ಒಲವು. ಕಾರಣ ಪೂರ್ತಿ ತಿಳಿಯೋಕೆ ಯಾರೂ ಕಾಯಲಿಲ್ಲ. ಕೆಲಸ ನಡೀತು, ಅಷ್ಟು ಸಾಕಾಗಿತ್ತು. ಬಣ್ಣಗಾರರ ಕಸುಬಿನಲ್ಲಿ ಯಾವಾಗಲೂ ಹಾಗೇ ಅಲ್ವಾ? ಕೈಗೆ ಮೊದಲು ಗೊತ್ತಾಗುತ್ತೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟನ್ ಕಡಲಿಗೆ ದಿಗ್ಬಂಧನ ಹಾಕಿತು. ಜರ್ಮನಿಯಿಂದ ಒಂದು ಡಬ್ಬಿ ಬಣ್ಣವೂ ಹೊರಗೆ ಬರದಂತಾಯಿತು. ಅಮೆರಿಕದ ಬಟ್ಟೆ ಗಿರಣಿಗಳು ಬಾಯಿ ಬಡಿದುಕೊಂಡವು. ಲ್ಯಾಬುಗಳು ಇದ್ದಬದ್ದ ಬಾಟಲಿಗಳನ್ನು ಚಿನ್ನದ ಹಾಗೆ ಜೋಪಾನ ಮಾಡಿದವು. 1916ರ ಜುಲೈಯಲ್ಲಿ ಡಾಯ್ಚ್‌ಲಾಂಡ್ ಎಂಬ ಜರ್ಮನ್ ಸಬ್‌ಮರೀನ್ ಬಾಲ್ಟಿಮೋರ್ ಬಂದರಿನಲ್ಲಿ ತಲೆ ಎತ್ತಿತು. ಇದು ಯುದ್ಧದ ಸಬ್‌ಮರೀನ್ ಅಲ್ಲ, ಸರಕು ಸಾಗಿಸೋದು. ಬ್ರಿಟಿಷ್ ಹಡಗುಗಳ ಕಾವಲನ್ನು ತಪ್ಪಿಸಿಕೊಂಡು ಅಟ್ಲಾಂಟಿಕ್ ದಾಟಿ ಅದು ತಂದದ್ದು ಏನು ಅಂತೀರಿ? ಮುಖ್ಯವಾಗಿ ಬಣ್ಣ. ಸಬ್‌ಮರೀನಿನಲ್ಲಿ ಬಣ್ಣ ಕಳ್ಳತನದಿಂದ ಸಾಗಿಸೋಷ್ಟು ಲಾಭ ಇತ್ತು ಅಂದ್ರೆ, ಬೇಡಿಕೆ-ಪೂರೈಕೆ ಪಾಠಕ್ಕೆ ನಮ್ಮ ಮೇಷ್ಟ್ರು ಈ ಉದಾಹರಣೆ ಯಾಕೆ ಕೊಡಲಿಲ್ಲವೋ.

ಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಂಪನಿಗಳೇ ಬಣ್ಣ ಮಾಡೋಕೆ ಹೊರಟವು. ಹೆಸರು ಅದೇ, ಒಳಗಿನ ಸರಕು ಬೇರೆ. ಒಂದು ಬಾಟಲಿ ಹತ್ತುತ್ತೆ, ಮುಂದಿನದು ಹತ್ತಲ್ಲ. ಹುಡುಗಾಟದ ಮಾತಲ್ಲ ಇದು. ನೀಲಿ ಹತ್ತಲಿಲ್ಲ ಅಂದ್ರೆ ಕಲೆ ಇಲ್ಲ ಅಂತ ಅರ್ಥವೋ, ಬಣ್ಣ ಕಳಪೆ ಅಂತ ಅರ್ಥವೋ? ಸ್ಲೈಡ್ ನೋಡೋ ವೈದ್ಯರಿಗೆ ಹೇಗೆ ಗೊತ್ತಾಗಬೇಕು? ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಕಾನ್ ಇದರ ಬೆನ್ನು ಹತ್ತಿದರು. 1920ರ ದಶಕದ ಶುರುವಿನಲ್ಲಿ ಬಣ್ಣಗಳ ಗುಣಮಟ್ಟ ನೋಡೋಕೆಂದೇ ಒಂದು ಆಯೋಗ ಹುಟ್ಟಿತು. ಕಂಪನಿ ಪ್ರತಿ ತಯಾರಿಯ ಮಾದರಿ ಕಳಿಸಬೇಕು. ಆಯೋಗ ಅದನ್ನು ನಿಜವಾದ ಅಂಗಾಂಶಕ್ಕೆ ಹಾಕಿ ನೋಡಿ, ಪಾಸಾದರೆ ಬಾಟಲಿಗೆ ಮುದ್ರೆ. ನಮ್ಮ ಐಎಸ್‌ಐ ಗುರುತಿನ ಹಾಗೆ. ಆ ಬಯಲಾಜಿಕಲ್ ಸ್ಟೇನ್ ಕಮಿಷನ್ ಇವತ್ತಿಗೂ ಕೆಲಸ ಮಾಡ್ತಿದೆ. ವಿಜ್ಞಾನದ ಇತಿಹಾಸದಲ್ಲಿ ಇಂಥ ಆಡಿಟರುಗಳ ಹೆಸರು ಯಾರೂ ಹೇಳಲ್ಲ. ನಾನು ಹೇಳ್ತೀನಿ.

ಇವತ್ತು ಪೆಥಾಲಜಿ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಯದ ಹೆಸರು ಮಲೋರಿ ಅಲ್ಲ, ಮ್ಯಾಸನ್. ಪಿಯೆರ್ ಮ್ಯಾಸನ್, ಫ್ರಾನ್ಸಿನ ದಿಜೋನ್‌ನವರು. ಯುದ್ಧ ಮುಗಿದು ಸ್ಟ್ರಾಸ್‌ಬರ್ಗ್ ನಗರ ಜರ್ಮನಿಯಿಂದ ಮತ್ತೆ ಫ್ರಾನ್ಸಿಗೆ ಬಂದಾಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, 1927ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಹೋದರು. 1929ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಲೇಖನದಿಂದ ‘ಮ್ಯಾಸನ್ ಟ್ರೈಕ್ರೋಮ್’ ಅನ್ನೋ ಹೆಸರು ಬೇರೂರಿತು. ಟ್ರೈಕ್ರೋಮ್ ಅಂದ್ರೆ ಮೂರು ಬಣ್ಣ. ಕೋಶದ ಬೀಜಕ್ಕೆ ಕಬ್ಬಿಣ ಬೆರೆಸಿದ ಹೆಮಟಾಕ್ಸಿಲಿನ್ನಿನ ಕಪ್ಪು. ಇವತ್ತು ಅದಕ್ಕೆ ಬಳಸೋದು ವೈಗರ್ಟ್ ತಾವು ತೀರಿಕೊಂಡ 1904ರಲ್ಲೇ ಪ್ರಕಟಿಸಿದ್ದ ಪಾಕ. ಸ್ನಾಯುವಿಗೆ ಕೆಂಪು, ಕೊಲಾಜನ್ನಿಗೆ ನೀಲಿ ಅಥವಾ ಹಸಿರು. ನನ್ನ ಲೆಕ್ಕದಲ್ಲಿ ಮೂಲ ಯೋಚನೆ ಮಲೋರಿಯದ್ದು. ಮ್ಯಾಸನ್ ಅದನ್ನು ಒಪ್ಪ ಮಾಡಿದವರು, ಹೆಜ್ಜೆಗಳನ್ನು ಬಿಡಿಸಿ ಹಂತಹಂತವಾಗಿ ಹಿಡಿತಕ್ಕೆ ತಂದವರು. ಹೆಸರು ಕೊನೆಗೆ ಉಳಿಯೋದು ಒಪ್ಪ ಮಾಡಿದವರದ್ದೇ.

ಉಳಿದ ಎರಡು ಎಳೆಗಳದ್ದು ಬೇಗ ಹೇಳಿಬಿಡ್ತೀನಿ. ಎಲಾಸ್ಟಿಕ್ ಎಳೆಗೆ 1908ರಲ್ಲಿ ಬಾಸ್ಟನ್ನಿನ ಕಣ್ಣಿನ ತಜ್ಞ ಫ್ರೆಡರಿಕ್ ವರ್ಹಾಫ್ ಇನ್ನೊಂದು ದಾರಿ ಕಂಡುಕೊಂಡರು: ಹೆಮಟಾಕ್ಸಿಲಿನ್, ಫೆರಿಕ್ ಕ್ಲೋರೈಡ್, ಅಯೋಡಿನ್ ಬೆರೆಸಿ ಹಾಕಿದರೆ ಎಳೆಗಳು ಕಪ್ಪು ತಂತಿಗಳ ಹಾಗೆ ಕಾಣುತ್ತವೆ. ಅದಕ್ಕೆ ವ್ಯಾನ್ ಗೀಸನ್ ಜೋಡಿಸಿ ರಕ್ತನಾಳದ ಗೋಡೆ ನೋಡ್ತಾರೆ. ರೆಟಿಕ್ಯುಲಿನ್‌ಗೆ ಬಣ್ಣ ಅಲ್ಲ, ಬೆಳ್ಳಿ. ಹಳೇ ಕಪ್ಪು-ಬಿಳುಪು ಫೋಟೋದ ಫಿಲ್ಮ್ ತೊಳೆಯೋ ಥರದ್ದೇ ರಸಾಯನ. ಮೂಳೆ ಮಜ್ಜೆಯಲ್ಲಿ ಕಲೆ ಕಟ್ಟೋ ಮೈಲೋಫೈಬ್ರೋಸಿಸ್ ಎಂಬ ರೋಗದಲ್ಲಿ ಇದು ಇಲ್ಲದೆ ಆಗೋದಿಲ್ಲ.

ಇಷ್ಟೆಲ್ಲ ಬಣ್ಣ ಬಂದು ಆದದ್ದೇನು? ಲಿವರ್ ತಗೊಳ್ಳಿ. 1958ರಲ್ಲಿ ಇಟಲಿಯ ಜಾರ್ಜಿಯೋ ಮೆಂಗಿನಿ ಒಂದೇ ಕ್ಷಣದಲ್ಲಿ ಲಿವರ್‌ನಿಂದ ಎಳೆಯಷ್ಟು ಚೂರು ತೆಗೆಯೋ ಸೂಜಿಯ ವಿಧಾನ ವಿವರಿಸಿದ ಮೇಲೆ ಬದುಕಿರೋ ರೋಗಿಯ ಲಿವರನ್ನು ಸ್ಲೈಡಿನಲ್ಲಿ ನೋಡೋದು ಮಾಮೂಲಾಯಿತು. ಸೂಜಿಯಲ್ಲಿ ಬರೋದು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು. ಅಷ್ಟರಲ್ಲೇ ತೀರ್ಮಾನ ಆಗಬೇಕು. ಟ್ರೈಕ್ರೋಮ್ ಹಾಕಿದಾಗ ನೀಲಿ ತನ್ನ ಜಾಗದಲ್ಲಷ್ಟೇ ಇದೆಯೋ, ಅಲ್ಲಿಂದ ಕೈಚಾಚಿದೆಯೋ, ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದೆಯೋ, ಸುತ್ತುವರಿದು ಲಿವರನ್ನು ಗಂಟುಗಂಟಾಗಿ ಒಡೆದುಬಿಟ್ಟಿದೆಯೋ. ಆ ಕೊನೆಯದ್ದೇ ಸಿರೋಸಿಸ್. ಇವತ್ತು ಫೈಬ್ರೋಸ್ಕ್ಯಾನ್ ಅಂತ ಸೂಜಿ ಚುಚ್ಚದೆ ಅಳೆಯೋ ಯಂತ್ರ ಬಂದಿದೆ, ಒಳ್ಳೇದೇ. ಆದರೆ ಆ ಯಂತ್ರದ ಅಂಕಿಗಳನ್ನು ತಾಳೆ ನೋಡ್ಕೊಂಡಿದ್ದು ಬಣ್ಣ ಹಾಕಿದ ಸ್ಲೈಡುಗಳ ಜೊತೆಗೇ.

ಈಗ ನನಗೆ ಹತ್ತಿರದ ಒಂದು ಅಧ್ಯಾಯ. 1952ರಲ್ಲಿ ಶ್ವಾರ್ಟ್ಜ್ ಎಂಬುವರು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯಲ್ಲಿ ಒಂದು ವಿಚಿತ್ರ ಕಾಯಿಲೆ ವಿವರಿಸಿದರು. ಕೆನ್ನೆಯ ಒಳಭಾಗ ಬಿಳಿಚಿ, ಬಿಗಿದು, ಬಾಯಿ ತೆರೆಯೋಕೇ ಕಷ್ಟ. ಮರುವರ್ಷ ಮುಂಬಯಿಯಲ್ಲಿ ಡಾ. ಎಸ್.ಜಿ. ಜೋಶಿ ಅದೇ ಲಕ್ಷಣಗಳನ್ನು ಗುರುತಿಸಿ, ಬಾಯಿಯ ಒಳಪೊರೆಯ ಅಡಿಯ ಫೈಬ್ರೋಸಿಸ್ ಅಂತ ಹೆಸರಿಟ್ಟರು, ಇಂಗ್ಲಿಷಿನಲ್ಲಿ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಹೆಸರಲ್ಲೇ ಇದೆ, ಅದು ಕೊಲಾಜನ್ನಿನ ಕಾಯಿಲೆ. ಮುಖ್ಯ ಕಾರಣ ಅಡಿಕೆ ಜಗಿಯೋದು ಅನ್ನೋದು ಮುಂದಿನ ದಶಕಗಳಲ್ಲಿ ಗಟ್ಟಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ತಂಬಾಕು ಸೇರಿಸದಿದ್ದರೂ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿತು.

ನಮ್ಮದು ಅಡಿಕೆ ತೋಟದ ಮನೆ. ನನ್ನ ಕಾಲೇಜು ಫೀಸು, ಈ ಮೈಕ್ ಕೊಂಡ ದುಡ್ಡು, ಎಲ್ಲದರಲ್ಲೂ ಅಡಿಕೆಯ ಪಾಲಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯೋದು ಕರ್ನಾಟಕ. ಹಾಗಾಗಿ ಈ ಭಾಗವನ್ನು ನಾನು ಸಲೀಸಾಗಿ ಹೇಳ್ತಿಲ್ಲ. ಆದರೆ ನಮ್ಮ ಕಡೆ ಇಪ್ಪತ್ತೈದು ತುಂಬದ ಹುಡುಗರು, ಬಾಯಿಗೆ ಮೂರು ಬೆರಳು ಉದ್ದಕ್ಕೆ ಇಡೋಕೆ ಆಗದವರು, ಮಿರ್ಚಿ ಬಜ್ಜಿ ತಿಂದರೆ ಕಣ್ಣಲ್ಲಿ ನೀರು ಬರೋರು, ನನಗೆ ಗೊತ್ತಿದ್ದಾರೆ. ಅವರು ತಿಂದದ್ದು ಅಜ್ಜಿಯ ಎಲೆ-ಅಡಿಕೆ ತಟ್ಟೆಯಿಂದ ಅಲ್ಲ, ಬಸ್‌ಸ್ಟ್ಯಾಂಡಿನ ಸ್ಯಾಶೆಯಿಂದ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಅದಾದ ಮೇಲೆ ಪಾನ್ ಮಸಾಲೆ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ, ಬೆರೆಸಿಕೊಳ್ಳೋದು ಗಿರಾಕಿಯ ಕೆಲಸ.

ಇವರ ಕೆನ್ನೆಯ ಚೂರಿಗೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಹಾಕೋದು ವ್ಯಾನ್ ಗೀಸನ್, ಇಲ್ಲವೇ ಮ್ಯಾಸನ್ ಟ್ರೈಕ್ರೋಮ್. ರೋಗ ಮುಂದುವರಿದಿದ್ದರೆ ಸಡಿಲವಾಗಿ ಇರಬೇಕಾದ ಪದರ ಒತ್ತೊತ್ತಾಗಿ ನೀಲಿ ಕಟ್ಟಿರುತ್ತೆ, ಎಳೆ ಎಳೆ ಬೇರೆಯಾಗಿ ಕಾಣೋದೇ ಇಲ್ಲ. ಅಡಿಕೆಯ ಅರೆಕೋಲಿನ್ ಎಂಬ ಅಂಶ ಕೊಲಾಜನ್ ಮಾಡೋ ಕೋಶಗಳನ್ನು ಕೆರಳಿಸುತ್ತೆ. ಅದರ ಟ್ಯಾನಿನ್ನುಗಳು ಆದ ಕೊಲಾಜನ್ ಕರಗದ ಹಾಗೆ ಎಳೆಎಳೆಯನ್ನು ಬೆಸೆಯುತ್ತವೆ ಅಂತ ಪ್ರಯೋಗಗಳು ತೋರಿಸಿವೆ. ತೊಗಲು ಹದ ಮಾಡೋದು ಇದೇ ತತ್ತ್ವದಿಂದ, ಚರ್ಮದ ಕೊಲಾಜನ್ನಿಗೆ ಟ್ಯಾನಿನ್ ಕೂರಿಸಿ. ಮಲೆನಾಡಿನವರು ಕೇಳ್ತಿದ್ರೆ ಅವರಿಗೆ ಚೊಗರು ನೆನಪಾಗಿರುತ್ತೆ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯೋ ಆ ಕೆಂಪು ರಸ. ಬೇಯಿಸಿದ ಅಡಿಕೆಗೆ ಬಣ್ಣ ಕೊಡೋದು ಅದು, ಬಟ್ಟೆಗೂ ಬಣ್ಣ ಹಾಕ್ತಾರೆ. ಒಮ್ಮೆ ಲಂಗಕ್ಕೆ ಬಿದ್ದರೆ ಹೋಗಲ್ಲ ಅಂತ ಅಮ್ಮ ಬೈದಿದ್ದು ನನಗೂ ನೆನಪಿದೆ.

ಕೊನೆಯದಾಗಿ ಇನ್ನೊಂದು ಬಣ್ಣ. ಅದಕ್ಕೆ ಮೊದಲು ಮದ್ರಾಸಿಗೆ ಹೋಗಿ ಬರಬೇಕು. 1952ರಲ್ಲಿ ಬ್ರಿಟಿಷ್ ವಿಜ್ಞಾನಿ ಬರ್ನಾಲ್ ಅಲ್ಲಿಗೆ ಬಂದಿದ್ದಾಗ, ಕೊಲಾಜನ್ನಿನ ರಚನೆ ಇನ್ನೂ ಬಿಡಿಸದ ಒಗಟು ಅಂತ ಜಿ.ಎನ್. ರಾಮಚಂದ್ರನ್ ಅವರ ಕಿವಿಗೆ ಹಾಕಿದರು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತವರು, 1970ರ ದಶಕದಲ್ಲಿ ಅಲ್ಲಿಗೇ ಮರಳಿ ಬಂದವರು. ಮದ್ರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಪಕ್ಕದಲ್ಲೇ ಇತ್ತು, ಚರ್ಮ ಅಂದ್ರೆ ಕೊಲಾಜನ್ ತಾನೆ. 1954ರಲ್ಲಿ ಅವರು ಮತ್ತು ಗೋಪಿನಾಥ್ ಕರ್ತಾ ಉತ್ತರ ಪ್ರಕಟಿಸಿದರು: ಮೂರು ಎಳೆಗಳು ಜಡೆಯ ಹಾಗೆ ಒಂದರ ಸುತ್ತ ಒಂದು ಸುತ್ತಿಕೊಂಡಿವೆ. ಮುಂದಿನ ವರ್ಷ ಅದನ್ನು ಇನ್ನಷ್ಟು ತಿದ್ದಿದರು. ಜಡೆಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ.

ಈ ಸಾಲು ಯಾಕೆ ಮುಖ್ಯ ಅಂದ್ರೆ, 1979ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಜುಂಕೇರ ಮತ್ತು ಸಂಗಡಿಗರು ಪಿಕ್ರಿಕ್ ಆಮ್ಲಕ್ಕೆ ಫುಕ್ಸಿನ್ ಬದಲು ಸಿರಿಯಸ್ ರೆಡ್ ಬೆರೆಸಿ, ಸ್ಲೈಡನ್ನು ಧ್ರುವೀಕರಿಸಿದ ಬೆಳಕಿನಲ್ಲಿ ನೋಡೋ ವಿಧಾನ ಪ್ರಕಟಿಸಿದರು. ಈ ಕೆಂಪಿನ ಕಣಗಳು ಉದ್ದುದ್ದ. ಅವು ಕೊಲಾಜನ್ ಜಡೆಗಳ ಉದ್ದಕ್ಕೇ ಹೋಗಿ ಮಲಗುತ್ತವೆ. ಆಗ ಉಳಿದ ಅಂಗಾಂಶವೆಲ್ಲ ಕತ್ತಲಾಗಿ, ಕೊಲಾಜನ್ ಮಾತ್ರ ಹೊಳೆಯುತ್ತೆ. ದಪ್ಪಗೆ ಒತ್ತಾಗಿ ಕಟ್ಟಿದ್ದು ಕೆಂಪು, ಕಿತ್ತಳೆ. ತೆಳು, ಸಡಿಲ ಇದ್ದದ್ದು ಹಸಿರು. ಈ ಬಣ್ಣಗಳಿಂದ ಕೊಲಾಜನ್ನಿನ ಜಾತಿಯನ್ನೇ ಹೇಳಬಹುದು ಅಂತ ಮೊದಲು ವಾದ ಇತ್ತು. ಅದು ದಪ್ಪ ಮತ್ತು ಒತ್ತಿನ ವ್ಯತ್ಯಾಸ ಅಷ್ಟೇ ಅಂತ ಆಮೇಲೆ ಬಹಳ ಜನ ಹೇಳಿದರು, ನನಗೂ ಅದೇ ಹೆಚ್ಚು ಒಪ್ಪಿಗೆ. ಅಡಿಕೆ ಕಾಯಿಲೆಯ ಕೆನ್ನೆಯನ್ನೂ ಈಗ ಹೀಗೆ ನೋಡ್ತಾರೆ. ರೋಗ ಬಲಿತಂತೆ ಹಸಿರು ಕಡಿಮೆಯಾಗಿ ಕೆಂಪು ಹೆಚ್ಚುತ್ತಾ ಹೋಗುತ್ತೆ.

ಆ ಸಿರಿಯಸ್ ರೆಡ್ ಬಾಟಲಿಯ ಚೀಟಿಯನ್ನು ಓದಿದರೆ ಇನ್ನೊಂದು ಹೆಸರು ಇರುತ್ತೆ: ಡೈರೆಕ್ಟ್ ರೆಡ್ 80. ಹತ್ತಿ ಬಟ್ಟೆಗೆ ಹಾಕೋ ಬಣ್ಣ. ಪಕ್ಕದಲ್ಲಿ ‘ಸಿ.ಐ.’ ಅಂತ ಬರೆದು ಐದಂಕಿಯ ಒಂದು ಸಂಖ್ಯೆ. ಪಿಕ್ರಿಕ್ ಆಮ್ಲಕ್ಕೆ 10305, ಹೆಮಟಾಕ್ಸಿಲಿನ್‌ಗೆ 75290, ಹೀಗೆ ಒಂದೊಂದಕ್ಕೆ ಒಂದೊಂದು. ಸಿ.ಐ. ಅಂದ್ರೆ ಕಲರ್ ಇಂಡೆಕ್ಸ್. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಬಟ್ಟೆಗೆ ಬಣ್ಣ ಹಾಕೋರ ಸಂಘ 1924ರಲ್ಲಿ ಅಚ್ಚು ಹಾಕಿಸೋಕೆ ಶುರು ಮಾಡಿದ ಬಣ್ಣಗಳ ಪಟ್ಟಿ. ಬಯಾಪ್ಸಿ ಲ್ಯಾಬಿನ ಕಪಾಟಿನಲ್ಲಿರೋ ಬಣ್ಣಗಳು ಇವತ್ತಿಗೂ ಆ ಬಣ್ಣಗಾರರ ಲೆಡ್ಜರಿನ ನಂಬರಿನಲ್ಲೇ ಕೂತಿವೆ.

ಮುಂದಿನ ಕಂತಿನಲ್ಲಿ ಸಿಗೋಣ.